ಕಿತ್ತಳೆ ಗಿಡದ ಒಂದೇ ಟೊಂಗೆ ಹಳದಿಯಾದರೆ: ಗ್ರೀನಿಂಗ್ ರೋಗವನ್ನು ಮೊದಲೇ ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಅಡಿಕೆ ತೋಟದ ಅಂಚಿನಲ್ಲಿ ಮತ್ತು ಮನೆ ಹಿಂದಿನ ಧರೆ ಮೇಲೆ ಒಟ್ಟು 40 ಕಿತ್ತಳೆ, ಹತ್ತು ನಿಂಬೆ ಗಿಡಗಳಿವೆ. ಎಲ್ಲವೂ ಆರು ವರ್ಷದವು. ಈ ಸಲ ಎರಡು ಕಿತ್ತಳೆ ಗಿಡಗಳಲ್ಲಿ ಒಂದೊಂದೇ ಟೊಂಗೆ ಹಳದಿಯಾಗಿದೆ, ಉಳಿದ ಭಾಗ ಹಸಿರಾಗಿಯೇ ಇದೆ. ಸತುವಿನ ಕೊರತೆ ಅಂದರು, ಜಿಂಕ್ ಸಲ್ಫೇಟ್ ಹೊಡೆದೆ. ಅಡಿಕೆಗೆ ಕೊಳೆ ಔಷಧಿ ಹೊಡೆಸುವಾಗ ಇವಕ್ಕೂ ಬೋರ್ಡೋ ಹೊಡೆಸಿದೆ. ಏನೂ ಬದಲಾಗಲಿಲ್ಲ. ಇದು ಗ್ರೀನಿಂಗ್ ರೋಗವೇ? ಕಡಿಯಲೇಬೇಕೇ? ಉಳಿದ ಗಿಡಗಳಿಗೆ ಬಂದಿದೆಯೋ ಇಲ್ಲವೋ ಮೊದಲೇ ತಿಳಿಯುವ ದಾರಿ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಯ ಜೀವ ‘ಒಂದೊಂದೇ ಟೊಂಗೆ’ ಎಂಬ ಮಾತಿನಲ್ಲಿದೆ. ಗೊಬ್ಬರದ ಕೊರತೆ ಗಿಡವನ್ನು ಹೀಗೆ ಒಂದು ಮೂಲೆಯಿಂದ ಹಿಡಿಯುವುದಿಲ್ಲ. ಬೇರಿನಿಂದ ಬರಬೇಕಾದದ್ದು ಬರದಿದ್ದರೆ ಅದು ಹೆಚ್ಚುಕಡಿಮೆ ಗಿಡದ ಸುತ್ತಲೂ ಕಾಣುತ್ತದೆ. ಹಾಗಾಗಿ ನಿಮ್ಮ ಅನುಮಾನಕ್ಕೆ ಆಧಾರವಿದೆ. ಆದರೆ ಅನುಮಾನದ ಮೇಲೇ ಕೊಡಲಿ ಎತ್ತಬೇಡಿ. ಒಂದೇ ಟೊಂಗೆ ಸೊರಗುವುದಕ್ಕೆ ಮಲೆನಾಡಿನಲ್ಲಿ ಇನ್ನೂ ಎರಡು ಮಾಮೂಲಿ ಕಾರಣಗಳಿವೆ: ಕಾಂಡಕೊರಕ ಮತ್ತು ಬಂದಳಿಕೆ. ಹಳದಿಯಾದ ಟೊಂಗೆಯನ್ನು ತುದಿಯಿಂದ ಬುಡದವರೆಗೆ ಕೈಯಾಡಿಸಿ ನೋಡಿ. ರಂಧ್ರ, ಅದರ ಬಾಯಲ್ಲಿ ಮರದ ಹೊಟ್ಟು, ಟೊಂಗೆಗೆ ಹತ್ತಿದ ಬಂದಳಿಕೆ, ಸೀಳಿದ ತೊಗಟೆ, ಎಂದೋ ಕಟ್ಟಿ ಮರೆತ ತಂತಿ ಇದ್ದರೆ ಕಾರಣ ಅಲ್ಲೇ ಸಿಕ್ಕಿತು. ಅವು ಯಾವುವೂ ಇಲ್ಲದಿದ್ದರೆ ಮುಂದಿನದನ್ನು ಓದಿ.

ಗ್ರೀನಿಂಗ್‌ಗೆ ಚೀನಾದ ಹೆಸರು ಹುವಾಂಗ್‌ಲಾಂಗ್‌ಬಿಂಗ್. ಹಳದಿ ಟೊಂಗೆಯ ರೋಗ ಎಂದೇ ಅದರ ಅರ್ಥವನ್ನು ಹೇಳುತ್ತಾರೆ. ಹಸಿರು ಗಿಡದ ನಡುವೆ ಎದ್ದು ಕಾಣುವ ಒಂದು ಹಳದಿ ಟೊಂಗೆಯಿಂದಲೇ ಆ ಹೆಸರು ಬಂದದ್ದು. ರೋಗಕಾರಕ ‘ಕ್ಯಾಂಡಿಡೇಟಸ್ ಲಿಬರಿಬ್ಯಾಕ್ಟರ್ ಏಷಿಯಾಟಿಕಸ್’ ಎಂಬ ಬ್ಯಾಕ್ಟೀರಿಯಾ. ಎಲೆ ತಯಾರಿಸಿದ ಸಕ್ಕರೆಯನ್ನು ಬೇರಿಗೂ ಕಾಯಿಗೂ ಒಯ್ಯುವ ನಾಳಗಳಲ್ಲಿ, ಅಂದರೆ ಫ್ಲೋಯಂನಲ್ಲಿ ಮಾತ್ರ ಅದರ ವಾಸ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಎರಡೇ ದಾರಿ: ರೋಗದ ಗಿಡದಿಂದ ತೆಗೆದ ಕಸಿಕಡ್ಡಿ, ಇಲ್ಲವೇ ಸಿಟ್ರಸ್ ಸಿಲ್ಲಾ ಎಂಬ ರಸ ಹೀರುವ ಕೀಟ. ಏಷ್ಯಾದ ಈ ಸಿಲ್ಲಾ ರೋಗ ಹರಡುತ್ತದೆ ಎಂಬುದನ್ನು 1967ರಲ್ಲಿ ತೋರಿಸಿಕೊಟ್ಟವರು ನಮ್ಮ ದೇಶದ ವಿಜ್ಞಾನಿಗಳಾದ ಕಪೂರ್, ರಾವ್ ಮತ್ತು ವಿಶ್ವನಾಥ್. ಗಾಳಿ, ಮಳೆಹನಿ, ಮಣ್ಣು ಇದನ್ನು ಒಯ್ಯುವುದಿಲ್ಲ. ನಿಂಬೆಯ ಕಜ್ಜಿ ರೋಗದ ಹಾಗೆ ಮಳೆಯಲ್ಲಿ ಸಿಡಿದು ಹರಡುವ ಜಾತಿಯಲ್ಲ ಇದು.

ನಿಮ್ಮ ಬೋರ್ಡೋ ಫಲ ಕೊಡದಿದ್ದಕ್ಕೆ ಕಾರಣವೂ ಇದೇ. ಅದರಲ್ಲಿರುವ ತಾಮ್ರ ಎಲೆಯ ಮೇಲ್ಮೈಯಲ್ಲಿ ಕೂತು ಹೊರಗಿನಿಂದ ಬರುವ ಶಿಲೀಂಧ್ರವನ್ನು, ಕಜ್ಜಿಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಇಲ್ಲಿ ಕೀಟವು ಸೂಜಿಯಂಥ ಬಾಯಿಯಿಂದ ಬ್ಯಾಕ್ಟೀರಿಯಾವನ್ನು ನೇರವಾಗಿ ನಾಳದೊಳಗೇ ಇಳಿಸುತ್ತದೆ. ಅಡಿಕೆ ಕೊಳೆಗೆ ರಾಮಬಾಣವಾದ ಔಷಧಿಗೆ ಅಲ್ಲಿಗೆ ಪ್ರವೇಶವಿಲ್ಲ.

ಈಗ ಎಲೆ ನೋಡುವ ಕ್ರಮ. ತೀರಾ ಎಳೆಯದೂ ಅಲ್ಲದ, ಹಣ್ಣಾಗಿ ಉದುರುವಂಥದ್ದೂ ಅಲ್ಲದ, ಪೂರ್ತಿ ಬಲಿತ ಎಲೆಯನ್ನು ಹಳದಿ ಟೊಂಗೆಯಿಂದ ಕೀಳಿ. ಬೆಳಿಗ್ಗೆ ಅದನ್ನು ಆಕಾಶಕ್ಕೆ ಹಿಡಿಯಿರಿ, ಸೂರ್ಯನಿಗೆ ನೇರ ಬೇಡ. ನಡುನರದ ಎಡಕ್ಕೆ ಪೆನ್ನಿನಿಂದ ಒಂದು ಸಣ್ಣ ವೃತ್ತ ಬರೆಯಿರಿ. ಬಲಕ್ಕೆ, ಅಷ್ಟೇ ದೂರದಲ್ಲಿ, ಅಷ್ಟೇ ದೊಡ್ಡದು ಇನ್ನೊಂದು. ಎರಡು ವೃತ್ತಗಳೊಳಗಿನ ಬಣ್ಣ ಒಂದೇ ಆಗಿದೆಯೇ? ಇದೇ ರೀತಿ ತೊಟ್ಟಿನ ಹತ್ತಿರ ಒಂದು ಜೋಡಿ, ತುದಿಯ ಹತ್ತಿರ ಒಂದು ಜೋಡಿ ನೋಡಿ. ಸತು, ಮ್ಯಾಂಗನೀಸ್, ಮೆಗ್ನೀಷಿಯಂ, ಕಬ್ಬಿಣ ಯಾವುದೇ ಕೊರತೆಯಿದ್ದರೂ ಎಡ ಬಲ ಕನ್ನಡಿ ಹಿಡಿದಂತೆ ಒಂದೇ ಥರ ಇರುತ್ತದೆ. ಗ್ರೀನಿಂಗ್‌ನಲ್ಲಿ ಹಾಗಿಲ್ಲ. ಹಳದಿ ಮಚ್ಚೆ ನರಗಳನ್ನು ಲೆಕ್ಕಿಸದೆ, ಅವನ್ನು ದಾಟಿಕೊಂಡು, ಒಂದು ಬದಿಯಲ್ಲಿ ದೊಡ್ಡದಾಗಿ ಇನ್ನೊಂದು ಬದಿಯಲ್ಲಿ ಚೂರೇ ಚೂರಾಗಿ ಹರಡಿರುತ್ತದೆ. ಹಸಿರು ಬಟ್ಟೆಯ ಮೇಲೆ ಅರಿಸಿನದ ನೀರು ಚೆಲ್ಲಿದ ಹಾಗೆ. ಹತ್ತು ಎಲೆ ನೋಡಿ, ಒಂದನ್ನು ನೋಡಿ ತೀರ್ಮಾನಿಸಬೇಡಿ.

ಈ ಅಸಮತೆಗೆ ಕಾರಣ ಗೊತ್ತಿದ್ದರೆ ಗುರುತು ಮರೆಯುವುದಿಲ್ಲ. ಕೊರತೆ ಎಂದರೆ ಎರಡೂ ಬದಿಗೆ ಸಮನಾಗಿ ಬರಬೇಕಾದದ್ದು ಸಮನಾಗಿಯೇ ಕಡಿಮೆಯಾಗುವುದು. ಗ್ರೀನಿಂಗ್‌ನಲ್ಲಿ ಬ್ಯಾಕ್ಟೀರಿಯಾ ನಾಳದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ನೆಲೆಯೂರುತ್ತದೆ. ಗಿಡವು ಅದಕ್ಕೆ ಪ್ರತಿಯಾಗಿ ನಾಳವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಕಡೆ ಸಕ್ಕರೆ ಹೊರಗೆ ಹೋಗಲಾರದೆ ಪಿಷ್ಟವಾಗಿ, ಅಂದರೆ ಗಂಜಿಯಾಗಿ, ಎಲೆಯಲ್ಲೇ ತುಂಬಿಕೊಂಡು ಹಸಿರನ್ನು ಕೆಡಿಸುತ್ತದೆ. ತಡೆ ಎಲ್ಲೆಲ್ಲಿದೆಯೋ ಅಲ್ಲಲ್ಲೇ ಹಳದಿ. ಇತ್ತ ಬೇರಿಗೆ ಆಹಾರ ಇಳಿಯುವುದಿಲ್ಲ. ಸಣ್ಣ ಬೇರುಗಳು ಎಲೆಯಲ್ಲಿ ಲಕ್ಷಣ ಎದ್ದು ಕಾಣುವ ಮುಂಚೆಯೇ ಸಾಯತೊಡಗುತ್ತವೆ. ಆಮೇಲೆ ಆ ಬೇರು ಸತುವನ್ನು ಹೀರಲಾರದು. ಆದ್ದರಿಂದಲೇ ರೋಗದ ಗಿಡದ ಹೊಸ ಎಲೆಗಳು ಸಣ್ಣಗೆ, ನೆಟ್ಟಗೆ ನಿಂತು, ನರಗಳ ನಡುವೆ ಹಳದಿಯಾಗಿ, ಥೇಟು ಸತುವಿನ ಕೊರತೆಯಂತೆಯೇ ಕಾಣುತ್ತವೆ. ನಿಮಗೆ ಸಲಹೆ ಕೊಟ್ಟವರು ಬಹುಶಃ ಈ ಎಲೆಗಳನ್ನು ನೋಡಿ ಹೇಳಿದ್ದಾರೆ. ಅವರು ನೋಡಿದ್ದು ಸುಳ್ಳಲ್ಲ, ಆದರೆ ಅದು ರೋಗದ ಎರಡನೆಯ ಪರಿಣಾಮವಾಗಿರಬಹುದು. ಹಾಗಾಗಿ ಟೊಂಗೆಯ ತುದಿಯ ಹೊಸ ಎಲೆಗಿಂತ ಅದರ ಹಿಂದಿನ ಬಲಿತ ಎಲೆಯೇ ಹೆಚ್ಚು ನಂಬಲರ್ಹ ಸಾಕ್ಷಿ.

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಮಳೆಗೆ ಪೋಷಕಾಂಶ ಕೊಚ್ಚಿ ಹೋಗುವ ಮಣ್ಣು. ನಿಜವಾದ ಕೊರತೆಗಳೂ ಇಲ್ಲಿ ಧಾರಾಳ. ಮೆಗ್ನೀಷಿಯಂ ಕೊರತೆಯಲ್ಲಿ ಹಳೆಯ ಎಲೆ ಹಳದಿಯಾಗಿ ತೊಟ್ಟಿನ ಬಳಿ ತಲೆಕೆಳಗಾದ ‘ವಿ’ ಆಕಾರದ ಹಸಿರು ಉಳಿಯುತ್ತದೆ. ಇಡೀ ಗಿಡ ಮಂಕಾಗಿ, ನಡುನರ ಮಾತ್ರ ಹಳದಿಯಾಗಿ ಎಲೆ ಜೋತುಬಿದ್ದಿದ್ದರೆ ಬುಡದ ಮಣ್ಣು ಸರಿಸಿ ನೋಡಿ: ತೊಗಟೆ ಕೊಳೆತು ಅಂಟು ಸುರಿಯುತ್ತಿದ್ದರೆ ಅದು ಫೈಟಾಫ್ತೊರಾ ಬುಡಕೊಳೆ. ಅಡಿಕೆ ತೋಟದ ಅಂಚಿನಲ್ಲಿ, ಬಸಿಗಾಲುವೆ ಹೂತುಹೋದ ಕಡೆ ಇದು ಬಲು ಸಾಮಾನ್ಯ. ಎರಡೂ ಒಟ್ಟಿಗೆ ಇರುವುದೂ ಉಂಟು, ಏಕೆಂದರೆ ಗ್ರೀನಿಂಗ್‌ನಿಂದ ಸೊರಗಿದ ಬೇರಿಗೆ ಕೊಳೆ ಬೇಗ ಹತ್ತುತ್ತದೆ.

ಕಾಯಿ ಬಿಟ್ಟಿದ್ದರೆ ಹಳದಿ ಟೊಂಗೆಯ ನಾಲ್ಕಾರು ಕಾಯಿಗಳನ್ನು ತೊಟ್ಟಿನಿಂದ ತಳದವರೆಗೆ ಉದ್ದುದ್ದ ಕೊಯ್ಯಿರಿ. ನಡುವಿನ ದಿಂಡು ನೆಟ್ಟಗಿರದೆ ಬಾಗಿರುವುದು, ಕಾಯಿ ಒಂದು ಬದಿಗೆ ವಾರೆಯಾಗಿರುವುದು, ಬೀಜಗಳು ಕಪ್ಪಗೆ ಜಳ್ಳಾಗಿರುವುದು, ತೊಟ್ಟು ಕಿತ್ತ ಜಾಗದ ಒಳಗಿನ ನಾರುಗಳು ಕಂದುಗಟ್ಟಿರುವುದು — ಇವು ಒಟ್ಟಿಗೆ ಕಂಡರೆ ಅನುಮಾನ ಬಲವಾಗುತ್ತದೆ. ಬಣ್ಣ ತಳದಿಂದ ಏರುವ ಬದಲು ತೊಟ್ಟಿನ ಕಡೆಯಿಂದ ಇಳಿಯುವುದೂ ಒಂದು ಗುರುತು. ಆದರೆ ಬರೀ ಸಿಪ್ಪೆ ಹಸಿರಾಗಿದೆ ಎಂದು ರೋಗ ಎನ್ನಬೇಡಿ. ರಾತ್ರಿ ಸಾಕಷ್ಟು ಚಳಿ ಬೀಳದ ಕಡೆ ಆರೋಗ್ಯವಂತ ಕಿತ್ತಳೆಯೂ ಹಸಿರು ಸಿಪ್ಪೆಯಲ್ಲೇ ಹಣ್ಣಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎಲೆಯಲ್ಲಿ ಪಿಷ್ಟ ಕಟ್ಟಿಕೊಳ್ಳುತ್ತದೆ ಎಂದೆನಲ್ಲ, ಅಯೋಡಿನ್ ಅದನ್ನು ಕಪ್ಪು ನೀಲಿಯಾಗಿಸುತ್ತದೆ. ಎರಡು ಸೆಂಟಿಮೀಟರ್ ಚೌಕದ ನಯವಾದ ಮರಳು ಕಾಗದ ಕತ್ತರಿಸಿಕೊಳ್ಳಿ. ಅನುಮಾನದ ಎಲೆಯ ಮೇಲ್ಭಾಗವನ್ನು ಇಪ್ಪತ್ತು ಸಲ ಉಜ್ಜಿ. ಹಸಿರು ಪುಡಿ ಹತ್ತಿದ ಆ ಕಾಗದವನ್ನು ಸಣ್ಣ ಪಾರದರ್ಶಕ ಪ್ಲಾಸ್ಟಿಕ್ ಕವರಿಗೆ ಹಾಕಿ, ಸಿರಿಂಜಿನಿಂದ ಒಂದು ಮಿಲಿಲೀಟರ್ ನೀರು ಬಿಟ್ಟು, ಹೊರಗಿನಿಂದ ಬೆರಳಲ್ಲಿ ಹಿಸುಕಿ. ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ನೀರು ತಿಳಿ ಕಂದು ಹಳದಿಯಾಗಿಯೇ ಉಳಿದರೆ ಪಿಷ್ಟ ಇಲ್ಲ, ಕಪ್ಪು ನೀಲಿಯಾದರೆ ಇದೆ. ಪಕ್ಕದಲ್ಲೇ ಅದೇ ವಯಸ್ಸಿನ ಗಿಡದ ಹಸಿರು ಎಲೆಯನ್ನೂ ಇದೇ ರೀತಿ ಮಾಡಿ ಹೋಲಿಸದೆ ತೀರ್ಮಾನ ಮಾಡಬೇಡಿ. ಎಲೆಗಳನ್ನು ಬೆಳ್ಳಂಬೆಳಿಗ್ಗೆಯೇ ಕೀಳಬೇಕು; ಸಂಜೆಯ ಹೊತ್ತಿಗೆ ಹಗಲೆಲ್ಲ ತಯಾರಾದ ಪಿಷ್ಟ ಆರೋಗ್ಯವಂತ ಎಲೆಯಲ್ಲೂ ಇರುತ್ತದೆ, ಎರಡೂ ಕಪ್ಪಾಗಿ ನೀವು ಸುಮ್ಮನೆ ಗಾಬರಿಯಾಗುತ್ತೀರಿ. ತೊಗಟೆ ಗಾಯಗೊಂಡ, ತಂತಿ ಬಿಗಿದ ಟೊಂಗೆಯಲ್ಲೂ ಪಿಷ್ಟ ಕಟ್ಟುತ್ತದೆ. ಹಾಗಾಗಿ ಈ ಪರೀಕ್ಷೆಯ ಉಪಯೋಗ ಪ್ರಯೋಗಾಲಯಕ್ಕೆ ಯಾವ ಗಿಡದ ಎಲೆ ಕಳಿಸಬೇಕು ಎಂದು ಆರಿಸುವಷ್ಟಕ್ಕೆ ಮಾತ್ರ. ಲಕ್ಷಣವೇ ಇಲ್ಲದ ಗಿಡದಲ್ಲಿ ಇದು ಏನನ್ನೂ ಹೇಳುವುದಿಲ್ಲ.

ಖಚಿತ ಉತ್ತರ ಪಿಸಿಆರ್ ಪರೀಕ್ಷೆಯಿಂದ. ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಶುದ್ಧವಾಗಿ ಬೆಳೆಸಿ ನೋಡಲು ಆಗುವುದಿಲ್ಲ, ಅದರ ಡಿಎನ್‌ಎಯನ್ನೇ ಹುಡುಕಬೇಕು. ನಾಗಪುರದ ಕೇಂದ್ರೀಯ ಸಿಟ್ರಸ್ ಸಂಶೋಧನಾ ಸಂಸ್ಥೆ ಈ ರೋಗದ ಮೇಲೆಯೇ ಕೆಲಸ ಮಾಡುತ್ತದೆ. ಹತ್ತಿರದಲ್ಲಿ ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರ, ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯ, ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರನ್ನು ಮೊದಲು ಫೋನಿನಲ್ಲಿ ಕೇಳಿ, ಮಾದರಿ ಎಲ್ಲಿಗೆ ಹೇಗೆ ಕಳಿಸಬೇಕೆಂದು ತಿಳಿದುಕೊಂಡೇ ಎಲೆ ಕೀಳಿ.

ಮಾದರಿ ಕೆಡುವುದು ಹೆಚ್ಚಾಗಿ ನಮ್ಮ ಕೈಯಲ್ಲೇ. ಬ್ಯಾಕ್ಟೀರಿಯಾ ನಡುನರ ಮತ್ತು ತೊಟ್ಟಿನಲ್ಲಿ ಹೆಚ್ಚಾಗಿರುವುದರಿಂದ ಎಲೆಯನ್ನು ತೊಟ್ಟು ಸಮೇತ ಕೀಳಬೇಕು. ಒಂದು ಗಿಡಕ್ಕೆ ಹತ್ತು ಹನ್ನೆರಡು ಎಲೆ, ಮಚ್ಚೆಯಿದ್ದ ಟೊಂಗೆಯಿಂದಲೇ. ಲಕ್ಷಣವಿಲ್ಲದ ಗಿಡವಾದರೆ ನಾಲ್ಕೂ ದಿಕ್ಕಿನಿಂದ. ತೊಳೆಯಬೇಡಿ, ಒದ್ದೆಯಿದ್ದರೆ ಒರೆಸಿ. ಒಣ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಿಡದ ಸಂಖ್ಯೆ ಮತ್ತು ತಾರೀಖು ಬರೆಯಿರಿ. ಒಂದು ಗಿಡದ್ದನ್ನು ಇನ್ನೊಂದರ ಜೊತೆ ಬೆರೆಸಬೇಡಿ. ಕಳಿಸುವತನಕ ಫ್ರಿಡ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ವಾರದ ಮೊದಲ ದಿನವೇ ಸ್ಪೀಡ್ ಪೋಸ್ಟ್ ಮಾಡಿ. ಶನಿವಾರ ಕಳಿಸಿದ್ದು ಅಂಚೆಯಲ್ಲೇ ಬೆವೆತು ಕೊಳೆಯುತ್ತದೆ. ಇಷ್ಟು ಜಾಗ್ರತೆ ಮಾಡಿದರೂ ಒಂದು ಮಿತಿ ಇದೆ: ಬ್ಯಾಕ್ಟೀರಿಯಾ ಗಿಡದಲ್ಲಿ ಸಮನಾಗಿ ಹಂಚಿರುವುದಿಲ್ಲ. ‘ಇದೆ’ ಎಂಬ ಫಲಿತಾಂಶ ಬಂದರೆ ನಂಬಿ. ‘ಇಲ್ಲ’ ಎಂದು ಬಂದರೆ ನೀವು ಕಳಿಸಿದ ಎಲೆಯಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ಮಚ್ಚೆ ಮುಂದುವರಿದರೆ ಮೂರ್ನಾಲ್ಕು ತಿಂಗಳ ಮೇಲೆ ಮತ್ತೆ ಕಳಿಸಿ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ನನ್ನ ಮಟ್ಟಿಗೆ ಅದೇ ಮೊದಲನೆಯದಾಗಬೇಕಿತ್ತು. ಸೋಂಕು ತಗುಲಿದ ಮೇಲೆ ಎಲೆಯಲ್ಲಿ ಲಕ್ಷಣ ಬರಲು ಕೆಲವು ತಿಂಗಳಿಂದ ಒಂದೆರಡು ವರ್ಷವೂ ಹಿಡಿಯಬಹುದು. ಆದರೆ ಕೀಟ ಕಚ್ಚಿದ ಚಿಗುರು 10–15 ದಿನಗಳಲ್ಲೇ ಹೊಸ ಕೀಟಗಳಿಗೆ ರೋಗ ಅಂಟಿಸುವಂತಾಗಬಲ್ಲದು ಎಂದು 2015ರ ಅಧ್ಯಯನವೊಂದು ತೋರಿಸಿದೆ. ಅಂದರೆ ಕಣ್ಣಿಗೆ ಹಸಿರಾಗಿ, ಸೊಂಪಾಗಿ ಕಾಣುವ ಗಿಡವೇ ರೋಗ ಹಂಚುತ್ತಿರಬಹುದು. ಹಳದಿ ಟೊಂಗೆ ಕಾಯುತ್ತ ಕೂತವರು ಯಾವಾಗಲೂ ತಡವಾಗಿಯೇ ಎಚ್ಚೆತ್ತುಕೊಳ್ಳುತ್ತಾರೆ. ಅಮೆರಿಕದ ಫ್ಲೋರಿಡಾದಲ್ಲಿ ಕೀಟ ಸಿಕ್ಕಿದ್ದು 1998ರಲ್ಲಿ, ರೋಗ ಪತ್ತೆಯಾದದ್ದು 2005ರಲ್ಲಿ. ಪತ್ತೆಯಾಗುವ ಹೊತ್ತಿಗೇ ಅದು ಬೇರೂರಿತ್ತು, ಅಲ್ಲಿನ ಕಿತ್ತಳೆ ಉದ್ಯಮ ನೆಲಕಚ್ಚಿತು. ಅಲ್ಲಿ ಈಗ ವಾಸನೆಯಿಂದಲೇ ಸೋಂಕಿತ ಗಿಡ ಗುರುತಿಸುವಂತೆ ನಾಯಿಗಳಿಗೆ ತರಬೇತಿ ಕೊಟ್ಟಿದ್ದಾರೆ. ಲಕ್ಷಣ ಬರುವುದಕ್ಕೆ ಬಹಳ ಮುಂಚೆಯೇ ಅವು ಹಿಡಿಯುತ್ತವೆ. ನಮಗೆ ಆ ಸೌಲಭ್ಯವಿಲ್ಲ. ನಮಗಿರುವ ದಾರಿ ಕೀಟವನ್ನು ನೋಡುವುದು.

ಸಿಲ್ಲಾ ಎಳ್ಳಿನ ಕಾಳಿನಷ್ಟು, 3–4 ಮಿಲಿಮೀಟರ್. ರೆಕ್ಕೆಯ ಮೇಲೆ ಕಂದು ಮಚ್ಚೆ. ಅದು ಕೂರುವ ಭಂಗಿಯೇ ಅದರ ಗುರುತು: ತಲೆ ಎಲೆಗೆ ತಾಗಿಸಿ, ಹಿಂಭಾಗ ಮೇಲೆತ್ತಿ, ಓರೆಯಾಗಿ ಚುಚ್ಚಿಟ್ಟ ಮುಳ್ಳಿನಂತೆ ಕೂರುತ್ತದೆ. ಮುಟ್ಟಿದರೆ ಚಿಮ್ಮಿ ಹಾರುತ್ತದೆ. ಗಿಡಹೇನು ಹೀಗೆ ಕೂರುವುದಿಲ್ಲ, ಚಿಮ್ಮುವುದೂ ಇಲ್ಲ. ಮೊಟ್ಟೆ ಇಡುವುದು ಇನ್ನೂ ಬಿಚ್ಚಿಕೊಳ್ಳದ ಎಳೆ ಚಿಗುರಿನ ಮಡಿಕೆಯಲ್ಲಿ ಮಾತ್ರ. ಒಂದು ಹೆಣ್ಣು 800ರವರೆಗೂ ಇಡಬಲ್ಲದು. ಮರಿಗಳು ಚಪ್ಪಟೆಯಾಗಿ ಹಳದಿ ಕಿತ್ತಳೆ ಬಣ್ಣದಲ್ಲಿದ್ದು, ಬಿಳಿ ಮೇಣದ ಸುರುಳಿ ಎಳೆಗಳನ್ನು ಹೊರಹಾಕುತ್ತವೆ. ಆ ಬಿಳಿ ಎಳೆ, ತಿರುಚಿದ ಚಿಗುರೆಲೆ, ಅಂಟು, ಅದರ ಮೇಲೆ ಕಾಡಿಗೆಯಂಥ ಬೂಷ್ಟು, ಸಾಲುಗಟ್ಟಿದ ಇರುವೆ ಕಂಡರೆ ಮರಿ ಹುಡುಕಿ. ಮೊಟ್ಟೆಯಿಂದ ರೆಕ್ಕೆಯ ಕೀಟವಾಗಲು ಹವೆಗೆ ತಕ್ಕಂತೆ 15ರಿಂದ 47 ದಿನ. ರೋಗದ ಚಿಗುರಿನಲ್ಲಿ ಬೆಳೆದ ಮರಿ ರೆಕ್ಕೆ ಬಂದಾಗಲೇ ಬ್ಯಾಕ್ಟೀರಿಯಾ ಹೊತ್ತುಕೊಂಡಿರುತ್ತದೆ, ಬದುಕಿರುವವರೆಗೂ ಹೊತ್ತಿರುತ್ತದೆ.

ಕೆಲಸ ಹೀಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಒಂದು ಬಿಳಿ ರಟ್ಟು, ಒಂದು ಮೊಳ ಪಿವಿಸಿ ಪೈಪು ಸಾಕು. ಗಿಡಗಳಿಗೆ ಸಂಖ್ಯೆ ಬರೆದುಕೊಳ್ಳಿ. ಚಿಗುರಿನ ಕಾಲದಲ್ಲಿ ಹತ್ತು ದಿನಕ್ಕೊಮ್ಮೆ ಬೆಳಿಗ್ಗೆ, ಟೊಂಗೆಯ ಒಂದಡಿ ಕೆಳಗೆ ರಟ್ಟು ಹಿಡಿದು ಟೊಂಗೆಗೆ ಪೈಪಿನಿಂದ ಮೂರು ಸಲ ಬಡಿಯಿರಿ, ಬಿದ್ದದ್ದನ್ನು ತಕ್ಷಣ ಎಣಿಸಿ. ಪ್ರತಿ ಗಿಡದ ನಾಲ್ಕು ಚಿಗುರನ್ನು ಮಸೂರದಲ್ಲಿ ನೋಡಿ. ಮೊದಲು ಗಡಿಯ ಗಿಡಗಳು, ರಸ್ತೆ ಬದಿಯವು, ಬಿಸಿಲು ಬೀಳುವ ಬದಿ: ಹೊರಗಿನಿಂದ ಬರುವ ಕೀಟ ಮೊದಲು ಇಳಿಯುವುದು ಅಂಚಿನಲ್ಲೇ. ಆಷಾಢದ ಜಡಿಮಳೆ ಕೀಟವನ್ನೂ ಮೊಟ್ಟೆಯನ್ನೂ ತೊಳೆಯುತ್ತದೆ, ಆಗ ವಿಶ್ರಾಂತಿ ಕೊಡಬಹುದು. ಬೇಸಿಗೆಯ ಅಡ್ಡಮಳೆಗೆ ಒಡೆಯುವ ಚಿಗುರು ಮತ್ತು ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನ ಚಿಗುರು, ಈ ಎರಡನ್ನು ತಪ್ಪಿಸಬೇಡಿ. ಸಿಕ್ಕ ದೊಡ್ಡ ಕೀಟಗಳನ್ನು ಗಿಡದ ಎಲೆಯ ಬದಲು ಪರೀಕ್ಷೆಗೆ ಕಳಿಸುವ ದಾರಿಯೂ ಇದೆ. ಸಣ್ಣ ಶೀಶೆಯಲ್ಲಿ ಆಲ್ಕೋಹಾಲ್ ಹಾಕಿ ಹತ್ತಿಪ್ಪತ್ತು ಕೀಟ ಕಳಿಸಿದರೆ, ಗಿಡಗಳಲ್ಲಿ ಕಾಣುವ ಮುಂಚೆಯೇ ತೋಟಕ್ಕೆ ರೋಗ ಬಂದಿರುವ ಸುಳಿವು ಸಿಗುತ್ತದೆ.

ಅಂಗಳದ ಕರಿಬೇವನ್ನು ಮರೆಯಬೇಡಿ. ಕರಿಬೇವು ಇದೇ ಕೀಟಕ್ಕೆ ಒಳ್ಳೆಯ ತವರು. ಅದಕ್ಕೆ ರೋಗ ಅಂಟಿ ನೆಲೆಯೂರುವುದಿಲ್ಲ, ಆದರೆ ಕಿತ್ತಳೆಯಲ್ಲಿ ಚಿಗುರಿಲ್ಲದ ಕಾಲದಲ್ಲಿ ಕೀಟ ಅಲ್ಲಿ ಸಂಸಾರ ಮಾಡುತ್ತದೆ. ಕಡಿಯಬೇಕಿಲ್ಲ, ಅಡಿಗೆಗೆ ಕೊಯ್ಯುವಾಗ ಚಿಗುರು ನೋಡಿ, ಹುಳು ಇದ್ದದ್ದನ್ನು ಚಿವುಟಿ ಒಲೆಗೆ ಹಾಕಿ. ನಿಮ್ಮ ನಿಂಬೆ ಗಿಡಗಳ ಮೇಲೂ ಕಣ್ಣಿಡಿ. ನಿಂಬೆಯಲ್ಲಿ ಲಕ್ಷಣ ಕಿತ್ತಳೆಯಷ್ಟು ಜೋರಾಗಿ ಬರುವುದಿಲ್ಲ, ಆದರೆ ವರ್ಷವಿಡೀ ಚಿಗುರುತ್ತಲೇ ಇರುವುದರಿಂದ ಕೀಟಕ್ಕೆ ಅಲ್ಲಿ ಎಂದೂ ಬರವಿಲ್ಲ.

ಔಷಧಿ ಹೊಡೆಯುವ ಸಮಯ ಚಿಗುರು ಮೂಡುವ ಹೊತ್ತು, ಅದು ಬೆರಳಿನ ಉಗುರಿಗಿಂತ ಚಿಕ್ಕದಿರುವಾಗ. ಎಲೆ ಬಿಚ್ಚಿ ಮರಿಗಳು ಬೆಳೆದ ಮೇಲೆ ಹೊಡೆದರೆ ಅರ್ಧ ಕೆಲಸ ವ್ಯರ್ಥ. ಕೀಟ ಅಲ್ಪಸ್ವಲ್ಪ ಇದ್ದರೆ ಲೀಟರಿಗೆ ಹತ್ತು ಮಿಲಿಲೀಟರ್ ಬೇವಿನ ಎಣ್ಣೆ, ಕದಡಲು ಐದು ಗ್ರಾಂ ಸೋಪು; ಹತ್ತು ದಿನಕ್ಕೆ ಮತ್ತೊಮ್ಮೆ. ರೋಗ ಖಚಿತವಾದ ತೋಟದಲ್ಲಿ ಇಷ್ಟಕ್ಕೇ ನಿಲ್ಲಬಾರದು, ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಅನ್ನು ಲೀಟರಿಗೆ ಅರ್ಧ ಮಿಲಿಲೀಟರಿನಂತೆ ಬಳಸುವುದು ರೂಢಿ. ಡಬ್ಬಿಯ ಮೇಲಿನ ಪ್ರಮಾಣ ಮತ್ತು ಕೊಯ್ಲಿಗೆ ಬಿಡಬೇಕಾದ ದಿನಗಳನ್ನು ಓದಿಯೇ ಬೆರೆಸಿ. ಒಂದೇ ಗುಂಪಿನ ಔಷಧಿಯನ್ನು ಸತತ ಹೊಡೆಯಬೇಡಿ. ಹೂ ಬಿಟ್ಟಾಗ ಖಂಡಿತ ಬೇಡ: ತುಡುವೆ ಜೇನು ಸಾಯುತ್ತದೆ. ಹಳ್ಳದ ಪಕ್ಕ, ಮಳೆ ಬರುವ ಮೋಡ ಇರುವಾಗಲೂ ಬೇಡ. ಗುಲಗಂಜಿ ಹುಳು, ಜೇಡ, ಮರಿಗಳ ಮೇಲೆ ಮೊಟ್ಟೆಯಿಡುವ ಟಮಾರಿಕ್ಸಿಯಾ ಎಂಬ ಪುಟ್ಟ ಕಣಜ ಇವೆಲ್ಲ ನಮ್ಮ ಪರವಾಗಿ ದುಡಿಯುವವು. ಅವನ್ನು ಉಳಿಸಿಕೊಳ್ಳಲು ಎಣಿಸಿ ನೋಡಿ ಹೊಡೆಯಬೇಕು, ಪಂಚಾಂಗ ನೋಡಿಯಲ್ಲ.

ಕಡಿಯುವ ಮಾತು. ಈ ರೋಗಕ್ಕೆ ಗುಣಪಡಿಸುವ ಔಷಧಿ ಇಲ್ಲ. ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ತಗ್ಗಿ ಮತ್ತೆ ಏಳುತ್ತದೆ. ಹಳದಿ ಟೊಂಗೆ ಮಾತ್ರ ಕಡಿದರೆ ಸಾಲದು, ಲಕ್ಷಣ ಕಾಣುವ ಹೊತ್ತಿಗೆ ಬ್ಯಾಕ್ಟೀರಿಯಾ ಬೇರಿಗೂ ಇಳಿದಿರುತ್ತದೆ. ಸವರಿದ ಮೇಲೆ ಬರುವ ಸೊಂಪು ಚಿಗುರು ಕೀಟಕ್ಕೆ ಇನ್ನಷ್ಟು ಹಬ್ಬ. ಐವತ್ತರಲ್ಲಿ ಎರಡು ಗಿಡಕ್ಕೆ ರೋಗ ಎಂದು ವರದಿ ಬಂದರೆ ನನ್ನ ಸಲಹೆ ಸ್ಪಷ್ಟ: ಆ ಎರಡನ್ನು ತೆಗೆಯಿರಿ. ಆರು ವರ್ಷಕ್ಕೇ ರೋಗ ಹತ್ತಿದ ಗಿಡ ಹೇಗೂ ಹೆಚ್ಚು ಕಾಲ ಫಲ ಕೊಡುವುದಿಲ್ಲ, ಉಳಿದ 48ಕ್ಕೆ ಅಪಾಯ ಮಾತ್ರ ಉಳಿಯುತ್ತದೆ. ಅರ್ಧ ತೋಟವೇ ಹಳದಿಯಾಗಿದ್ದರೆ ಬೇರೆ ಮಾತು. ಆಗ ಗೊಬ್ಬರ, ನೀರು, ಬಸಿಗಾಲುವೆ ಸರಿಮಾಡಿಕೊಂಡು ಸಿಕ್ಕಷ್ಟು ವರ್ಷ ಫಸಲು ತೆಗೆಯುವುದೇ ಲೇಸು. ವರದಿ ಬರುವತನಕ ಆ ಎರಡು ಗಿಡಗಳಲ್ಲಿ ಕೀಟ ಇರದಂತೆ ನೋಡಿಕೊಳ್ಳಿ.

ತೆಗೆಯುವಾಗ ಕ್ರಮ ತಪ್ಪಿದರೆ ನಾವೇ ರೋಗ ಹರಡಿದಂತೆ. ಮೊದಲು ಆ ಗಿಡಕ್ಕೂ ಸುತ್ತಲಿನವಕ್ಕೂ ಕೀಟನಾಶಕ ಹೊಡೆದು ಎರಡು ದಿನ ಬಿಡಿ. ಹೊಡೆಯದೆ ಕಡಿದರೆ ಅದರ ಮೇಲಿದ್ದ ಕೀಟಗಳೆಲ್ಲ ಎದ್ದು ಪಕ್ಕದ ಗಿಡಕ್ಕೇ ಹಾರುತ್ತವೆ. ಆಮೇಲೆ ಬುಡ ಸಮೇತ ಕಿತ್ತು ಹಾಕಿ. ಬುಡ ಉಳಿದರೆ ಅದರಿಂದ ಬರುವ ಚಿಗುರಿನಲ್ಲೂ ಬ್ಯಾಕ್ಟೀರಿಯಾ ಇರುತ್ತದೆ, ದಪ್ಪ ಬೇರಿನಿಂದ ಮೊಳೆತರೂ ಅಷ್ಟೇ. ಮೂರು ತಿಂಗಳು ಆ ಜಾಗ ನೋಡುತ್ತಿರಿ. ಒಣಗಿದ ಕಟ್ಟಿಗೆ, ಎಲೆಯಿಂದ ಭಯವಿಲ್ಲ, ಬಚ್ಚಲ ಒಲೆಗೆ ಧಾರಾಳವಾಗಿ ಹಾಕಬಹುದು. ಮಣ್ಣಿನಲ್ಲಿ ರೋಗ ಉಳಿಯುವುದಿಲ್ಲ.

ಅದೇ ಗುಂಡಿಗೆ ಹೊಸ ಗಿಡ ಇಡಬಹುದು, ಆದರೆ ಗಿಡ ಎಲ್ಲಿಂದ ತರುತ್ತೀರಿ ಎಂಬುದು ಮುಖ್ಯ. ರೋಗ ಬೀಜದಿಂದ ಬರುವುದಿಲ್ಲ, ಕಸಿಕಣ್ಣಿನಿಂದ ಬರುತ್ತದೆ, ಬಯಲಿನಲ್ಲಿಟ್ಟ ನರ್ಸರಿ ಗಿಡಕ್ಕೆ ಕೀಟದಿಂದ ಬರುತ್ತದೆ. ಕೀಟ ನುಗ್ಗದ ಬಲೆಮನೆಯಲ್ಲಿ ಬೆಳೆಸಿದ, ತಾಯಿಗಿಡ ಪರೀಕ್ಷೆಯಾದ ಸಸಿಯನ್ನೇ ಕೇಳಿ. ನಿಂಬೆ, ಕಿತ್ತಳೆ ಸಸಿಗಳ ಸಾಲಿನ ಪಕ್ಕದಲ್ಲೇ ಕರಿಬೇವಿನ ಸಸಿ ಜೋಡಿಸಿಟ್ಟ ನರ್ಸರಿಯಾದರೆ ಬರಿಗೈಯಲ್ಲಿ ವಾಪಸ್ ಬನ್ನಿ. ತಂದ ಸಸಿಯನ್ನೂ ಹಳೆಯ ಗಿಡಗಳಿಂದ ದೂರ, ಒಂದು ಚಿಗುರಿನ ಸುತ್ತು ಮುಗಿಯುವವರೆಗೆ ಬೇರೆಯಾಗಿಟ್ಟು, ಮಸೂರದಲ್ಲಿ ನೋಡಿ ಆಮೇಲೆ ನೆಡಿ.